ಮಲ್ಲಮ್ಮನ ಮುಖ ಮತ್ತು ನನ್ನ ಝೂಮ್ ಲೆನ್ಸು

ನನ್ನ ಹೆಗಲಚೀಲದಲ್ಲಿ ಹನ್ನೊಂದು ವರ್ಷ ಇದ್ದದ್ದು ಒಂದೇ ಲೆನ್ಸು. ಇಪ್ಪತ್ತೆಂಟರಿಂದ ನೂರೈದು ಮಿಲಿಮೀಟರಿನ ಝೂಮು. ಹೈದರಾಬಾದಿನ ಒಂದು ಕಟ್ಟಡ ಕಂಪನಿಯಲ್ಲಿ ನಾನು ಫೋಟೋಗ್ರಾಫರ್ ಆಗಿದ್ದೆ. ಇಟ್ಟಿಗೆ ಸಿಮೆಂಟಿನ ಕಂಪನಿಗೆ ಫೋಟೋಗ್ರಾಫರ್ ಯಾಕೆ ಬೇಕು ಎಂದು ಮದುವೆ ಮನೆಗಳಲ್ಲಿ ಜನ ಕೇಳುತ್ತಿದ್ದರು. ಹೆಣ್ಣು ಕೊಡುವ ಮುಂಚೆ ನನ್ನ ಮಾವನವರೂ ಕೇಳಿದ್ದರು. ಕೆಲಸ ಇಷ್ಟೇ: ಪ್ರತಿ ತಿಂಗಳ ಕೊನೆಗೆ ಪ್ರತಿ ಕಟ್ಟಡದ ಚಿತ್ರವನ್ನು ಗೊತ್ತಾದ ಜಾಗಗಳಲ್ಲಿ ನಿಂತು ತೆಗೆಯಬೇಕು, ಆಲ್ಬಮ್ಮಿಗೆ ಅಂಟಿಸಿ ಮಾಲೀಕರಿಗೆ ಕಳಿಸಬೇಕು. ಈ ತಿಂಗಳು ಇಷ್ಟು ಮಹಡಿ ಎದ್ದಿದೆ ಎಂಬುದಕ್ಕೆ ಅದೇ ಸಾಕ್ಷಿ. ಊರಿಗೆ ಐಟಿ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ಮಾಲೀಕರು ಎಲ್ಲೋ ಇರುತ್ತಿದ್ದರು, ಕಟ್ಟಡ ಇಲ್ಲಿ ಏಳುತ್ತಿತ್ತು, ನಡುವೆ ನನ್ನ ಆಲ್ಬಮ್ ಓಡಾಡುತ್ತಿತ್ತು.

ಈಗ ನಿವೃತ್ತನಾಗಿ ಹೈದರಾಬಾದಿನಲ್ಲೇ ನಾಚಾರಂನ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಿಂದಲೋ ನನ್ನ ನಂಬರು ಇಸಿದುಕೊಂಡು ಫೋನು ಮಾಡುತ್ತಾರೆ. ಕೇಳುವುದು ಒಂದೇ ಮಾತು: ದಿನನಿತ್ಯದ ಕೆಲಸಕ್ಕೆಲ್ಲ ಸಾಕಾಗುವ ಒಂದು ಝೂಮ್ ಲೆನ್ಸು ಹೇಳಿ. ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಹೇಳಿದರೂ ಅವರು ಕೊಳ್ಳುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ಅದರ ಬದಲು ನಾನು ನನ್ನ ಲೆನ್ಸನ್ನು ಹೇಗೆ ಆರಿಸಿದೆ, ಆರಿಸುವಾಗ ಏನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದರಿಂದ ಯಾರಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಬಡ್ತಿ, ಸನ್ಮಾನಗಳ ಸುದ್ದಿ ಇದರಲ್ಲಿ ಇಲ್ಲ. ಬಂದದ್ದೂ ಕಡಿಮೆ.

ಮೊದಲು ನನ್ನ ಹತ್ತಿರ ಮೂರು ಲೆನ್ಸುಗಳಿದ್ದವು: ಇಪ್ಪತ್ತೆಂಟು, ಐವತ್ತು, ನೂರಮೂವತ್ತೈದು. ಈ ಸಂಖ್ಯೆಗಳು ಹೊಸಬರಿಗೆ ಗಾಬರಿ ಹುಟ್ಟಿಸುತ್ತವೆ. ತಿಳಿಯಬೇಕಾದದ್ದು ಇಷ್ಟು: ಸಂಖ್ಯೆ ಚಿಕ್ಕದಾದಷ್ಟೂ ಚಿತ್ರದೊಳಗೆ ಹೆಚ್ಚು ಜಾಗ ಹಿಡಿಸುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಮೂರನ್ನೂ ಚೀಲದಲ್ಲಿ ಹೊತ್ತು, ಲಿಫ್ಟಿಲ್ಲದ ಕಟ್ಟಡಗಳ ಮೆಟ್ಟಿಲು ಹತ್ತುತ್ತಿದ್ದೆ. ಮೆಟ್ಟಿಲ ಪಕ್ಕಕ್ಕೆ ಹಿಡಿದುಕೊಳ್ಳುವ ಕಂಬಿ ಕೂಡ ಇನ್ನೂ ಹಾಕಿರುತ್ತಿರಲಿಲ್ಲ.

ಒಂದು ದಿನ ಆರನೇ ಮಹಡಿಯ ಸ್ಲ್ಯಾಬಿನ ಮೇಲೆ ನಿಂತು, ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಲೆನ್ಸು ಬದಲಿಸುತ್ತಿದ್ದೆ. ಪಕ್ಕದಲ್ಲೇ ಯಾರೋ ಸಿಮೆಂಟಿನ ಚೀಲ ಕೊಡವಿದರು. ಬಾಯಿ ತೆರೆದಿದ್ದ ಕ್ಯಾಮೆರಾದೊಳಗೆ ಒಂದು ಹಿಡಿ ಧೂಳು ಹೋಯಿತು. ಅಲ್ಲಿಗೇ ಬಿಟ್ಟು ಅಂಗಡಿಗೆ ಒಯ್ದಿದ್ದರೆ ಬದುಕುತ್ತಿದ್ದೆ. ನಾನು ಜೇಬಿನಿಂದ ಕರವಸ್ತ್ರ ತೆಗೆದು ಒಳಗೆ ಒರೆಸಿದೆ. ಆ ತಿಂಗಳ ಮೂವತ್ತಾರು ಚಿತ್ರಗಳಲ್ಲೂ ಆಕಾಶದ ಅಡ್ಡಕ್ಕೆ ಒಂದು ಸಣ್ಣ ಗೆರೆ ಬಂತು.

ನನ್ನ ಮೇಲಧಿಕಾರಿ ನರಸಿಂಹರಾವ್ ಸಾಹೇಬರು. ಪ್ಲಾನಿಂಗ್ ವಿಭಾಗದ ಮುಖ್ಯಸ್ಥರು, ವಾರಂಗಲ್ ಕಡೆಯವರು. ಕಲಬುರಗಿಯಲ್ಲಿ ಕೆಲವು ವರ್ಷ ಇದ್ದದ್ದರಿಂದ ನನ್ನ ಜೊತೆ ಕನ್ನಡ, ತೆಲುಗು, ಹಿಂದಿ ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಆಲ್ಬಮ್ ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿ ಕೇಳಿದರು.

"ಏಮಯ್ಯಾ ಕುಲಕರ್ಣಿ, ನಮ್ಮ ಬಿಲ್ಡಿಂಗ್ ಮ್ಯಾಲೆ ಈ ಕರೆಂಟ್ ತಂತಿ ಯಾವಾಗ ಬಂತು?"

ತಂತಿಯಲ್ಲ, ಗೀರು ಎಂದು ಹೇಳಿದೆ. ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. "ಧೂಳಿನಾಗ ಲೆನ್ಸ್ ಬಿಚ್ಚಬ್ಯಾಡ ಅಂದ್ರ ಬಿಚ್ಚದೆ ಇರೋ ಲೆನ್ಸ್ ಬೇಕಲ್ಲಾ? ಯಾವ್ದು ಬೇಕು, ಯಾಕೆ ಬೇಕು, ಒಂದು ಕಾಗದದ ಮೇಲೆ ಬರಿ. ಎರಡನೇ ಕಾಗದ ನಾ ಓದಲ್ಲ," ಎಂದರು.

ಆ ಒಂದು ಕಾಗದಕ್ಕಾಗಿ ನಾನು ಒಂದು ತಿಂಗಳು ನೋಟುಬುಕ್ಕು ಇಟ್ಟೆ. ಪ್ರತಿ ಚಿತ್ರಕ್ಕೂ ಒಂದು ಸಾಲು: ಎಲ್ಲಿ ನಿಂತೆ, ಎಷ್ಟು ಹೆಜ್ಜೆ ದೂರ, ಯಾವ ಲೆನ್ಸು, ಬಿಸಿಲೋ ನೆರಳೋ. ಇದನ್ನು ಮಾತ್ರ ಈಗಿನವರಿಗೂ ಮಾಡಿ ಎಂದೇ ಹೇಳುತ್ತೇನೆ. ಅಂಗಡಿಗೆ ಹೋಗುವ ಮೊದಲು ನಿಮ್ಮ ಹಳೆಯ ಚಿತ್ರಗಳನ್ನು ಹರವಿಕೊಂಡು ಕೂಡಿ. ನೀವು ಹುಲಿಯ ಚಿತ್ರ ತೆಗೆಯುತ್ತೀರೆಂದು ಅಂದುಕೊಂಡಿರುತ್ತೀರಿ, ತೆಗೆದಿರುವುದೆಲ್ಲ ಊಟದ ತಟ್ಟೆ ಮತ್ತು ಅಕ್ಕನ ಮಕ್ಕಳು ಆಗಿರುತ್ತದೆ. ನನ್ನ ನೋಟುಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಪ್ಪತ್ತೆಂಟರಲ್ಲಿ ತೆಗೆದವು. ಉಳಿದವು ಐವತ್ತರ ಆಸುಪಾಸು. ನೂರಮೂವತ್ತೈದನ್ನು ಮುಟ್ಟಿದ್ದು ಅಪರೂಪಕ್ಕೆ, ಕ್ರೇನಿನ ತುದಿಯನ್ನೋ ಹತ್ತಲಾಗದ ಸಾರುವೆಯನ್ನೋ ತೋರಿಸಲು.

ನೋಟುಬುಕ್ಕು ಹಿಡಿದು ಕೋಠಿಯ ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯ ಕರೀಂಭಾಯ್ ವಯಸ್ಸಾದವರು, ಗಿರಾಕಿ ಕೇಳಿದ್ದನ್ನು ತಕ್ಷಣ ತೆಗೆದು ಕೊಡುವ ಪೈಕಿ ಅಲ್ಲ. ನನ್ನ ನೋಟುಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಇನ್ನೂರರವರೆಗೆ ಹೋಗುವ ಝೂಮು ಹೊಸದಾಗಿ ಬಂದಿತ್ತು. ನನಗೆ ಅದರ ಮೇಲೆ ಕಣ್ಣು. ಅವರು ಅದನ್ನು ತೆಗೆದು ತೋರಿಸಿ, ಮತ್ತೆ ಒಳಗಿಟ್ಟರು. ಅದು ಭಾರ, ನೆಲಮಾಳಿಗೆಯ ಬೆಳಕಿಗೆ ಸಾಲದು, ನಿಮ್ಮ ಬುಕ್ಕಿನಲ್ಲಿ ಇನ್ನೂರರ ಕೆಲಸವೇ ಇಲ್ಲ ಎಂದರು. ಇಪ್ಪತ್ತೆಂಟು–ನೂರೈದನ್ನು ನನ್ನ ಕೈಗಿಟ್ಟರು. ಆಮೇಲೆ ಬುಕ್ಕನ್ನು ಮುಚ್ಚುತ್ತ, "ಇಸ್‌ಮೇ ಆದ್ಮೀ ಕಹಾಂ ಹೈ, ಮಿಯಾಂ?" ಎಂದು ಕೇಳಿದರು. ಇದರಲ್ಲಿ ಮನುಷ್ಯರೇ ಇಲ್ಲವಲ್ಲ ಎಂದು ಅವರ ಮಾತು.

ನಾನು ಕಟ್ಟಡದ ಫೋಟೋಗ್ರಾಫರ್, ಮನುಷ್ಯರದು ಸ್ಟುಡಿಯೋದವರ ಕೆಲಸ ಎಂದು ಹೇಳಿ ಲೆನ್ಸು ತೆಗೆದುಕೊಂಡು ಬಂದೆ. ಆ ಉತ್ತರ ಆಗ ನನಗೆ ಭಾರೀ ಚೆನ್ನಾಗಿದೆ ಅನ್ನಿಸಿತ್ತು. ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಹೊಸ ಲೆನ್ಸಿನಿಂದ ಮೊದಲು ಕಲಿತ ಪಾಠವೂ ಅವಮಾನದ್ದೇ. ಲೆನ್ಸು ಬಿಚ್ಚದೆ, ಬರೀ ಅದರ ಮೇಲಿನ ಬಳೆ ತಿರುಗಿಸಿದರೆ ಇಡೀ ಕಟ್ಟಡ ಚೌಕಟ್ಟಿನೊಳಗೆ ಬಂದು ಕೂಡುತ್ತದಲ್ಲ, ಆ ಸುಖಕ್ಕೆ ನಾನು ನಡೆಯುವುದನ್ನೇ ಬಿಟ್ಟೆ. ಕಟ್ಟಡದ ಬುಡದಲ್ಲೇ ನಿಂತು, ಇಪ್ಪತ್ತೆಂಟಕ್ಕೆ ತಿರುಗಿಸಿ, ಕತ್ತೆತ್ತಿ ತೆಗೆದೆ. ಹಾಗೆ ತೆಗೆದರೆ ಕಟ್ಟಡದ ಗೆರೆಗಳೆಲ್ಲ ಮೇಲಕ್ಕೆ ಹೋಗುತ್ತ ಹಿಂದಕ್ಕೆ ವಾಲುತ್ತವೆ. ಆಲ್ಬಮ್ ನೋಡಿದ ಮಾಲೀಕರು ಕಟ್ಟಡ ವಾಲುತ್ತಿದೆಯೇ ಎಂದು ಪತ್ರ ಬರೆದರು. ರಾವ್ ಸಾಹೇಬರು ಪತ್ರ ಓದಿ, ಚಿತ್ರವನ್ನು ನೋಡದೆಯೇ ಇಬ್ಬರು ಎಂಜಿನಿಯರುಗಳನ್ನು ತೂಗುಗುಂಡು ಕೊಟ್ಟು ಸೈಟಿಗೆ ಓಡಿಸಿದರು. ಅವರು ನಾಲ್ಕೂ ಮೂಲೆ ಅಳೆದು, ಕಟ್ಟಡ ನೆಟ್ಟಗಿದೆ ಎಂದು ವರದಿ ಕೊಟ್ಟರು. ಆಮೇಲೆ ಸಾಹೇಬರು ಚಿತ್ರವನ್ನೂ ನೋಡಿದರು, ನನ್ನನ್ನೂ ನೋಡಿದರು.

"ಬಿಲ್ಡಿಂಗ್ ನೆಟ್ಟಗೈತಂತೆ. ವಾಲಿರೋನು ನೀನು," ಎಂದರು. "ಹಿಂದಕ್ಕ ನಡಿಯಯ್ಯಾ. ಎದುರಿನ ಮನೆ ಮಾಳಿಗಿ ಹತ್ತು. ಕಾಲಿರೋದು ಯಾತಕ್ಕ?"

ಅಂದಿನಿಂದ ಎದುರಿನ ಮನೆಗಳ ಮಾಳಿಗೆ ಹತ್ತತೊಡಗಿದೆ. ಅದೆಷ್ಟು ಮನೆಗಳಲ್ಲಿ ಚಹಾ ಕುಡಿದಿದ್ದೇನೋ. ಮುಂದೆ ಡಿಜಿಟಲ್ ಕ್ಯಾಮೆರಾ ಬಂದಾಗ ಇದೇ ಲೆನ್ಸನ್ನು ಅದಕ್ಕೆ ಸಿಕ್ಕಿಸಿದೆ. ಆ ಕ್ಯಾಮೆರಾದ ಒಳಗಿನ ಫಲಕ ಫಿಲ್ಮಿಗಿಂತ ಚಿಕ್ಕದು, ಹಾಗಾಗಿ ಇಪ್ಪತ್ತೆಂಟು ಇಪ್ಪತ್ತೆಂಟಾಗಿ ಉಳಿಯುವುದಿಲ್ಲ, ನಲವತ್ತೆರಡರಷ್ಟು ಇಕ್ಕಟ್ಟಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಟ್ಟಡ ಹಿಡಿಸಲಿಲ್ಲವೆಂದು ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡೇ ಹಿಂದೆ ಹಿಂದೆ ಹೋಗಿ ಮರಳಿನ ರಾಶಿಯ ಮೇಲೆ ಅಂಗಾತ ಬಿದ್ದೆ. ಲೆನ್ಸು ಕೊಳ್ಳುವಾಗ ಅದು ಯಾವ ಕ್ಯಾಮೆರಾಕ್ಕೆ ಎಂಬುದನ್ನೂ ಕೇಳಿಕೊಳ್ಳಿ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ಇದು ಡಿಜಿಟಲ್ಲಿಗೆ ಮೊದಲಿನ ಮಾತು.

ಉಪ್ಪಲ್ ಕಡೆ ಒಂದು ದೊಡ್ಡ ಐಟಿ ಕಟ್ಟಡದ ಕೆಲಸ ಹಿಡಿದಿದ್ದೆವು. ಆ ಮಾಲೀಕರದು ಹೊಸ ನಿಯಮ: ಗೇಟಿನೊಳಗೆ ಕಾಲಿಡುವ ಪ್ರತಿಯೊಬ್ಬ ಕೂಲಿಯವರ ಕೊರಳಲ್ಲೂ ಫೋಟೋ ಇರುವ ಕಾರ್ಡು ಇರಬೇಕು. ನಾನೂರಕ್ಕೂ ಹೆಚ್ಚು ಜನ. ಬಹುಪಾಲು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು. ಎರಡು ದಿನದಲ್ಲಿ ಮುಗಿಸು ಎಂದರು. ತಗಡಿನ ಸೈಟ್ ಆಫೀಸಿನೊಳಗೆ ಗೋಡೆಗೆ ಒಂದು ಸ್ಟೂಲು, ಎದುರಿಗೆ ಕಾಗದ ಬರೆಯುವವನ ಮೇಜು, ಅದರ ಹಿಂದೆ ಬಾಗಿಲ ತನಕ ಸಾಲು. ಸ್ಟೂಲಿಗೂ ನನಗೂ ನಡುವೆ ಎರಡು ಅಡಿ ಜಾಗ. ನನಗೇನು, ಝೂಮು ಇತ್ತು. ಅಗಲದ ತುದಿಗೆ ತಿರುಗಿಸಿದೆ, ಎರಡೇ ಅಡಿಯಲ್ಲಿ ತಲೆ ಭುಜ ಎರಡೂ ಹಿಡಿಸಿದವು. ಕೂಡ್ರಿ, ನೋಡ್ರಿ, ಏಳ್ರಿ. ಮಧ್ಯಾಹ್ನದ ಹೊತ್ತಿಗೆ ನಾನು ಮುಖಗಳನ್ನು ನೋಡುವುದನ್ನೂ ನಿಲ್ಲಿಸಿದ್ದೆ.

ಮೂರು ವಾರದ ಮೇಲೆ ಮಲ್ಲಮ್ಮ ಎಂಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಯಾದಗಿರಿ ಹತ್ತಿರದ ಹಳ್ಳಿಯವಳು. ಗಂಡ ಅದೇ ಸೈಟಿನಲ್ಲಿ ಕಬ್ಬಿಣ ಕಟ್ಟುವವನು, ಇವಳು ಕಾಂಕ್ರೀಟಿನ ಬುಟ್ಟಿ ಹೊರುವವಳು. ಕೊರಳ ಕಾರ್ಡನ್ನು ಹಿಡಿದು ತೋರಿಸಿದಳು.

"ಸಾಹೇಬ್ರ, ಇದ್ರಾಗಿನ ಫೋಟೋನ ಸ್ವಲ್ಪ ದೊಡ್ಡದು ಮಾಡಿ ಕೊಡ್ತೀರೇನ್ರಿ? ಊರಿಗಿ ಕಳಸೂದೈತಿ."

"ಯಾರಿಗೆ?"

"ಮಗಳಿಗ್ರಿ. ಭಾಗ್ಯ ಅಂತ. ಎರಡು ವರ್ಷದಾಕಿ. ಇಲ್ಲಿ ಧೂಳಿಗಿ ಕೆಮ್ಮು ನಿಲ್ಲವಲ್ದು, ಡಾಕ್ಟ್ರು ಇಲ್ಲಿ ಇಡಬ್ಯಾಡ್ರಿ ಅಂದ್ರು. ನಮ್ಮವ್ವನ ಹತ್ರ ಬಿಟ್ಟು ಬಂದೀನ್ರಿ." ಮತ್ತೆ ಹೇಳಿದಳು: "ಪಂಚಮಿಗಿ ಹೋಗಾಕಿ ನಾನು. ಅಲ್ಲೀಮಟ ಮಾರಿ ಮರೀಬಾರ್ದಲ್ರಿ. ದಿನಾ ತೋರಸು ಅಂತ ಅವ್ವಗ ಹೇಳೀನಿ."

ಅವಳ ಬದುಕಿನಲ್ಲಿ ತೆಗೆದಿದ್ದ ಫೋಟೋ ಅದೊಂದೇ. ಅದೇ ನೆಗೆಟಿವ್‌ನಿಂದ ಪೋಸ್ಟ್‌ಕಾರ್ಡಿನ ಅಳತೆಯ ಪ್ರಿಂಟು ಹಾಕಿಸಿ ಕೊಟ್ಟೆ. ಕೊಡುವಾಗ ಒಮ್ಮೆ ನೋಡಿದೆನೋ ಇಲ್ಲವೋ ನೆನಪಿಲ್ಲ. ಅವಳು ಅದನ್ನು ಸೆರಗಿನಿಂದ ಒರೆಸಿ, ಊರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳಿಸಿದಳು.

ನಾಗರಪಂಚಮಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗದೆ ಇರುವುದಿಲ್ಲ. ಆ ವಾರ ಸೈಟಿನಲ್ಲಿ ಅರ್ಧ ಕೆಲಸ ನಿಂತುಹೋಗುತ್ತದೆಂದು ರಾವ್ ಸಾಹೇಬರು ಪ್ಲಾನಿನಲ್ಲೇ ಗುರುತು ಹಾಕಿ ಇಟ್ಟಿರುತ್ತಿದ್ದರು. ಮಲ್ಲಮ್ಮನೂ ಹೋದಳು. ಹದಿನೈದು ದಿನದ ರಜೆ ಕೇಳಿದ್ದವಳು ಆರು ದಿನಕ್ಕೇ ತಿರುಗಿ ಬಂದಳು. ನಾನು ನೆಲಮಾಳಿಗೆಯ ಚಿತ್ರ ತೆಗೆಯುತ್ತಿದ್ದಾಗ ಬಂದು, ನನ್ನ ಕೆಲಸ ಮುಗಿಯುವ ತನಕ ಕಂಬಕ್ಕೆ ಒರಗಿ ನಿಂತಿದ್ದಳು.

"ಸಾಹೇಬ್ರ, ಆ ಫೋಟೋದಾಗ ಯಾರೋ ಬ್ಯಾರೆದಾಕಿ ಅದಾಳ್ರಿ," ಎಂದಳು.

ದನಿಯಲ್ಲಿ ಜಗಳವಿರಲಿಲ್ಲ. ನಡೆದದ್ದನ್ನು ಒಂದೊಂದಾಗಿ ಹೇಳಿದಳು. ಅಜ್ಜಿ ದಿನಾ ಫೋಟೋ ತೋರಿಸಿ ಇವಳು ನಿನ್ನ ಅವ್ವ ಎಂದು ಹೇಳಿಕೊಟ್ಟಿದ್ದಾಳೆ. ಮಗು ಫೋಟೋಕ್ಕೆ ರೊಟ್ಟಿಯ ಚೂರು ಹಿಡಿಯುತ್ತದೆ, ಮುತ್ತು ಕೊಡುತ್ತದೆ. ಮಲ್ಲಮ್ಮ ಹೊಸಲು ದಾಟಿ ಕೈ ಚಾಚಿದಾಗ ಅವಳ ಮುಖವನ್ನು ನೋಡಿದ ಮಗು ಒಳಗೆ ಓಡಿಹೋಗಿ ಫೋಟೋವನ್ನು ಎದೆಗೆ ಹಿಡಿದುಕೊಂಡು ಕೂತಿತಂತೆ. ಆರು ದಿನವೂ ಹಾಗೆಯೇ.

"ನಾ ಅವ್ವ ಅಂದ್ರ, 'ಅಲ್ಲ, ಅವ್ವ ಇಲ್ಲಿ ಅದಾಳ' ಅಂತ ಫೋಟೋ ತೋರಸ್ತಾಳ್ರಿ."

ಎರಡು ವರ್ಷದ ಮಕ್ಕಳು ಮರೆಯುತ್ತವೆ, ಫೋಟೋದ ತಪ್ಪಲ್ಲ ಎಂದು ನಾನು ಹೇಳಿದೆ. ಅವಳು ಹೂಂ ಎಂದು ಹೋದಳು. ನನ್ನ ಮಾತು ನಿಜವೂ ಇದ್ದೀತು, ಇವತ್ತಿಗೂ ಪೂರ್ತಿ ಅಲ್ಲಗಳೆಯಲಾರೆ. ಆದರೆ ಆ ಸಂಜೆ ಮನೆಗೆ ಬಂದವನೇ ಕಾರ್ಡುಗಳ ಪ್ರಿಂಟಿನ ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಹರವಿದೆ. ನನ್ನ ಹೆಂಡತಿ ಸುಮಂಗಲಾ ಶಾಲೆಯ ಮಾಸ್ತರಿಣಿ. ಚಹಾ ತಂದವಳು ನಿಂತು ನೋಡಿದಳು.

"ಇವರೆಲ್ಲಾ ಒಂದೇ ಮನೆಯವರೇನ್ರಿ?"

"ಯಾಕ?"

"ಎಲ್ಲಾರಿಗೂ ಒಂದೇ ಮೂಗು ಅದಲ್ರಿ. ಕಿವಿ ಒಬ್ಬರಿಗೂ ಇಲ್ಲ."

ಹೌದಾಗಿತ್ತು. ಎಲ್ಲರ ಮೂಗೂ ಬದನೆಕಾಯಿಯಂತೆ ಮುಂದೆ ಬಂದಿತ್ತು. ಹಣೆ ಉಬ್ಬಿತ್ತು, ಗಲ್ಲ ಇಳಿದಿತ್ತು, ಕಿವಿಗಳು ಕೆನ್ನೆಯ ಹಿಂದೆ ಅಡಗಿದ್ದವು. ಮರುದಿನ ಬೆಳಿಗ್ಗೆ ಸುಮಂಗಲಾಳನ್ನೇ ಅಂಗಳದಲ್ಲಿ ಕೂರಿಸಿ, ಎರಡು ಅಡಿಯಲ್ಲಿ ನಿಂತು ಅಗಲದ ತುದಿಯಲ್ಲಿ ಒಂದು, ಆರೇಳು ಅಡಿ ಹಿಂದೆ ಸರಿದು ನೂರೈದರಲ್ಲಿ ಇನ್ನೊಂದು ತೆಗೆದೆ. ಎರಡರಲ್ಲೂ ತಲೆಯ ಅಳತೆ ಒಂದೇ. ಪ್ರಿಂಟು ಬಂದಾಗ ಅವಳು ಮೊದಲನೆಯದನ್ನು ಮಗುಚಿಟ್ಟಳು. "ಇದನ್ನ ತೋರಿಸಿದ್ದರ ನಮ್ಮಪ್ಪಗ ನನ್ನ ಮದುವಿನೇ ಮಾಡಲಿಕ್ಕಾಗ್ತಿರಲಿಲ್ಲ," ಎಂದಳು. ನಗಿಸಲೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು, ಮುಂದೆ ದಿನಗಟ್ಟಲೆ ಆ ನಾಚಿಕೆ ಹೋಗಲಿಲ್ಲ.

ಇದರಲ್ಲಿ ಲೆನ್ಸಿನ ತಪ್ಪೂ ಇಲ್ಲ, ಅದನ್ನು ಹೊಸಬರು ತಿಳಿದುಕೊಳ್ಳಬೇಕು. ಮುಖ ಕೆಡಿಸಿದ್ದು ನಾನು ನಿಂತ ದೂರ. ಎರಡು ಅಡಿಯಲ್ಲಿ ನಿಂತರೆ ಮೂಗು ಹತ್ತಿರ, ಕಿವಿ ದೂರ. ಆ ವ್ಯತ್ಯಾಸ ಚಿತ್ರದಲ್ಲಿ ಎದ್ದು ಕಾಣುತ್ತದೆ. ಆರೇಳು ಅಡಿ ಸರಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಝೂಮು ಮಾಡಿದ್ದು ಇಷ್ಟೇ, ನಿಲ್ಲಬಾರದ ಜಾಗದಲ್ಲಿ ನಿಂತರೂ ನಡೆಯುತ್ತದೆ ಎಂಬ ಸಲಿಗೆ ಕೊಟ್ಟಿತು. ಹಳೆಯ ಐವತ್ತು ಇದ್ದಿದ್ದರೆ ಆ ತಗಡಿನ ಕೋಣೆಯಲ್ಲಿ ಬರೀ ಮುಖವೇ ತುಂಬಿಕೊಂಡು, ನಾನು ಬಾಯಿ ಮುಚ್ಚಿಕೊಂಡು ಸ್ಟೂಲನ್ನು ಹೊರಗೆ ಹಾಕುತ್ತಿದ್ದೆ.

ರಾವ್ ಸಾಹೇಬರ ಹತ್ತಿರ ಹೋಗಿ ಎಲ್ಲ ಕಾರ್ಡುಗಳ ಚಿತ್ರವನ್ನೂ ಮತ್ತೆ ತೆಗೆಯಬೇಕು ಎಂದೆ. ಗೇಟಿನವರು ಯಾರನ್ನೂ ತಡೆದಿಲ್ಲ, ನಿನಗೇನು ಕಷ್ಟ ಎಂದು ಕೇಳಿದರು. ನಾನು ಮಲ್ಲಮ್ಮನ ಮಾತು ಹೇಳಿ, ಸುಮಂಗಲಾಳ ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಇವರಿಬ್ಬರೂ ನಿನ್ನ ಮಿಸೆಸ್ಸೇ?"

"ಹೌದು ಸಾರ್."

"ಆವತ್ತು ನನ್ನ ಬಿಲ್ಡಿಂಗ್ ವಾಲಿಸಿದಿ. ಇಪ್ಪುಡು ಮನುಷ್ಯರನ್ನ." ಚಿತ್ರಗಳನ್ನು ನನ್ನ ಕಡೆಗೆ ಸರಿಸಿದರು. "ಭಾನುವಾರ ತೆಗಿ. ಅಂಗಳದಾಗ ತೆಗಿ. ಮತ್ತ ಹಿಂದಕ್ಕ ನಡಿ."

ಭಾನುವಾರ ಸೆಂಟ್ರಿಂಗ್ ಹಲಗೆಗಳ ರಾಶಿಯ ನೆರಳಿನಲ್ಲಿ ಸ್ಟೂಲು ಹಾಕಿದೆ. ನೆಲದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದೆ, ಅದನ್ನು ನಾನು ದಾಟುವಂತಿರಲಿಲ್ಲ. ಎಲ್ಲರದೂ ನೂರೈದರಲ್ಲಿ. ಮಲ್ಲಮ್ಮ ಕೂತಾಗ ಕ್ಯಾಮೆರಾ ಕೆಳಗಿಟ್ಟು ಮಾತಾಡಿಸಿದೆ. ಆ ಮೊದಲು ಅವಳ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಕೋಲುಮುಖ, ಸಣ್ಣ ಮೂಗು, ಎಡಗಡೆ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಮೊದಲನೇ ಚಿತ್ರದಲ್ಲಿ ಆ ಗುರುತು ಫ್ಲ್ಯಾಶಿನ ಬೆಳಕಿಗೆ ಅಳಿಸಿಯೇ ಹೋಗಿತ್ತು.

"ಭಾಗ್ಯ ಹ್ಯಾಂಗ ನಗ್ತಾಳ?" ಎಂದು ಕೇಳಿದೆ.

"ಹಿಂಗ್ರಿ," ಎಂದು ಮೂಗು ಸುಕ್ಕಿಸಿ ತೋರಿಸಿದಳು. ಆಮೇಲೆ ತಾನೇ ನಕ್ಕಳು. ಆಗ ತೆಗೆದೆ.

ಪ್ರಿಂಟನ್ನು ಅವಳ ಕೈಗೆ ಕೊಟ್ಟಾಗ ಅವಳು ಅದರಲ್ಲಿ ಹುಬ್ಬಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ನಾನು ತಪ್ಪಾಯಿತು ಎಂದೆ. ಅವಳು ಬೇರೆ ಒಂದು ಮಾತು ಹೇಳಿದಳು. ಮಾಲೀಕರು ಸೈಟಿನ ಪಕ್ಕದ ಬಾಡಿಗೆ ಮನೆಯಲ್ಲಿ ಮೂರು ವರ್ಷ ದಾಟಿದ ಮಕ್ಕಳಿಗೆ ಬಾಲವಾಡಿ ತೆರೆಯುವವರಿದ್ದರು. ಅಲ್ಲಿ ಧೂಳಿಲ್ಲ. ಯುಗಾದಿ ಹೊತ್ತಿಗೆ ಭಾಗ್ಯಳಿಗೆ ಮೂರು ತುಂಬುತ್ತದೆ.

"ಈ ಫೋಟೋನೂ ಊರಿಗಿ ಕಳಸ್ತೀನ್ರಿ. ಯುಗಾದಿಗಿ ಕರಕೊಂಡು ಬಾ ಅಂತ ಅವ್ವಗ ಹೇಳಿ ಕಳಸೀನಿ. ಅಕಿ ತಾನಾಗೇ ನನ್ನ ಗುರುತು ಹಿಡಿದು ಬಂದ್ಲಂದ್ರ ಇಲ್ಲೇ ಇಟ್ಕೋತೀನಿ. ಇಲ್ಲಂದ್ರ ಅವ್ವನ ಹತ್ರನೇ ಇರ್ಲಿ. ಅಳೂ ಕೂಸಿನ ಎಳಕೊಳ್ಳೂದು ಒಮ್ಮೆ ಮಾಡಿ ನೋಡೀನ್ರಿ. ಮತ್ತ ಮಾಡಂಗಿಲ್ಲ."

ಆ ಏಳು ತಿಂಗಳು ನನಗೆ ಆ ಮಾತು ತಲೆಯಲ್ಲಿ ಕೂತಿತ್ತು. ಮಾಲೀಕರಿಗೆ ಹೋದ ಆಲ್ಬಮ್ಮುಗಳ ಬಗ್ಗೆ ನಾನು ಎಂದೂ ಅಷ್ಟು ಹೆದರಿದವನಲ್ಲ. ಒಂದು ಸಲ ಕೋಠಿಗೆ ಹೋದಾಗ ಕರೀಂಭಾಯ್‌ಗೂ ಹೇಳಿದೆ. 'ನಾನು ಆಗಲೇ ಕೇಳಿದ್ದೆನಲ್ಲ' ಎಂದು ಅವರು ಅನ್ನಲಿಲ್ಲ, ಲೆನ್ಸನ್ನು ಇಸಿದುಕೊಂಡು ಗಾಜು ಒರೆಸಿ ಕೊಟ್ಟರು. ಅಂದಿನಿಂದ ನನ್ನ ನೋಟುಬುಕ್ಕಿನಲ್ಲಿ ಇನ್ನೊಂದು ಅಂಕಣ ಸೇರಿತು: ಯಾರು. ಇವತ್ತು ಫೋನು ಮಾಡುವವರಿಗೂ ಮೊದಲು ಕೇಳುವುದು ಅದನ್ನೇ. ದಿನನಿತ್ಯದ ಚಿತ್ರ ಅನ್ನುತ್ತೀರಿ, ಅದರಲ್ಲಿ ಯಾರಿರುತ್ತಾರೆ? ಅವರ ಜೊತೆ ನಿಂತು ಮಾತಾಡುವಷ್ಟು ದೂರದಲ್ಲಿ ನಿಂತುಕೊಳ್ಳಿ, ಆಮೇಲೆ ಬಳೆ ತಿರುಗಿಸಿ. ಆ ದೂರದಿಂದ ತಲೆ ಭುಜ ಚೌಕಟ್ಟು ತುಂಬುವ ಲೆನ್ಸು ನಿಮಗೆ ಸಾಕು. ಸಾಮಾನ್ಯದ ಯಾವ ಝೂಮಿಗೂ ಆ ಶಕ್ತಿ ಇರುತ್ತದೆ. ಹಿಂದೆ ಸರಿಯುವ ಮನಸ್ಸನ್ನು ಮಾತ್ರ ಅಂಗಡಿಯವರು ಕೊಡುವುದಿಲ್ಲ.

ಯುಗಾದಿ ಆದ ವಾರಕ್ಕೆ ಅಜ್ಜಿ ಸಾಬಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಮಧ್ಯಾಹ್ನದ ಊಟದ ಬಿಡುವು. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಅಜ್ಜಿ ಮಗುವಿನ ಕೈ ಹಿಡಿದು ನಿಂತಿದ್ದಳು. ಮಲ್ಲಮ್ಮ ನನ್ನನ್ನೂ ಇರಿ ಎಂದು ಕರೆಸಿದ್ದಳು. ಒಳಗಿನಿಂದ ಹತ್ತು ಹನ್ನೆರಡು ಹೆಂಗಸರು ಒಟ್ಟಿಗೆ ಬಂದರು. ಎಲ್ಲರ ತಲೆಗೂ ಒಂದೇ ಹಳದಿ ಹೆಲ್ಮೆಟ್ಟು, ಮೈಮೇಲೆ ಒಂದೇ ಬಣ್ಣದ ಗಂಡಸರ ಅಂಗಿ, ಮುಖಕ್ಕೆಲ್ಲ ಬೂದು ಬಣ್ಣದ ಧೂಳು. ಮಲ್ಲಮ್ಮ ನಡುವೆ ಎಲ್ಲೋ ಇದ್ದಳು. ಕರೆಯುವುದಿಲ್ಲ ಎಂದು ಹೇಳಿದ್ದಳು, ಕರೆಯಲಿಲ್ಲ. ಕೈಯನ್ನೂ ಚಾಚಲಿಲ್ಲ.

ಅಜ್ಜಿ ಕೈ ಬಿಟ್ಟಳು. ಮಗು ಮೊದಲನೆಯವಳನ್ನು ನೋಡಿತು, ಎರಡನೆಯವಳನ್ನು ನೋಡಿತು. ಮೂರು ಜನರನ್ನು ದಾಟಿ ಬಂದು ಮಲ್ಲಮ್ಮನ ಮುಂದೆ ನಿಂತು ಕತ್ತೆತ್ತಿತು. ಮಲ್ಲಮ್ಮ ಹೆಲ್ಮೆಟ್ಟು ತೆಗೆದಳು, ಅಲ್ಲೇ ನೆಲಕ್ಕೆ ಕೂತಳು. ಮಗು ಬೆರಳು ಚಾಚಿ ಅವಳ ಎಡಹುಬ್ಬಿನ ಗುರುತನ್ನು ಮುಟ್ಟಿ, "ಅವ್ವ," ಎಂದಿತು.

ಆ ಹೆಂಗಸರಲ್ಲಿ ಯಾರೂ ಅಳದೆ ಉಳಿಯಲಿಲ್ಲ. ನಾನೂ ಉಳಿಯಲಿಲ್ಲ. ಮಲ್ಲಮ್ಮ ಮಾತ್ರ ಅಳಲಿಲ್ಲ, ಮಗುವಿನ ತಲೆಯಲ್ಲಿ ಮೂಗು ಹುದುಗಿಸಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಮಗು ಅವಳ ಹೆಗಲ ಮೇಲಿಂದ ಉಳಿದವರ ಮುಖಗಳನ್ನು ಮತ್ತೆ ಒಂದೊಂದಾಗಿ ನೋಡತೊಡಗಿತು. ಕೊನೆಯ ತನಕ ನೋಡಿ ಅಜ್ಜಿಯ ಕಡೆ ತಿರುಗಿ ಕೇಳಿತು.

"ಆ ಅವ್ವ ಎಲ್ಲದಾಳ?"

ಸಾಬಮ್ಮನಿಗೆ ಮುಜುಗರವಾಯಿತು. "ಮದಲಿನ ಫೋಟೋನೂ ಗ್ವಾಡಿಮ್ಯಾಲೆ ಐತ್ರಿ ಸಾಹೇಬ್ರ. ತಗೀಲಾಕ ಹ್ವಾದ್ರ ಅಳ್ತಾಳ. ದಿನಾ ಎರಡಕ್ಕೂ ಮುತ್ತು ಕೊಡ್ತಾಳ್ರಿ," ಎಂದಳು.

ಮಲ್ಲಮ್ಮನಿಗೆ ನಗು ಬಂತು. ಮೂಗು ಸುಕ್ಕಿಸಿ ನಕ್ಕು, ಮಗುವಿನ ಮುಖವನ್ನು ನನ್ನ ಕಡೆ ತಿರುಗಿಸಿದಳು. "ಅಕಿ ಸಾಹೇಬ್ರ ಹತ್ರ ಅದಾಳವ್ವಾ. ಅವರನ್ನ ಕೇಳು."

ಮಗು ಬಂದು ನನ್ನೆದುರು ನಿಂತಿತು. ನನ್ನನ್ನು ನೋಡಿ, ಹೆಗಲ ಮೇಲಿನ ಚೀಲವನ್ನು ನೋಡಿ, ಕಾಯುತ್ತ ನಿಂತಿತು. ನಾನು ಕುಕ್ಕುರುಗಾಲಿನಲ್ಲಿ ಕೂತು ಚೀಲ ಬಿಚ್ಚಿ ತೋರಿಸಿದೆ. ಕ್ಯಾಮೆರಾ, ಎರಡು ರೀಲು, ಒರೆಸುವ ಬಟ್ಟೆ, ನೋಟುಬುಕ್ಕು. ಅದು ಕೈ ಹಾಕಿ ತಳದವರೆಗೂ ಹುಡುಕಿತು.